ಲ್ಯಾಬಿನ ಖಳರು ಮತ್ತು ಶಾರದಕ್ಕನ ಕರು

ಟಿವಿ ನೋಡಿ ಮಕ್ಕಳ ಜಾತಕ ಬರೆಯುವವರನ್ನು ಏನು ಮಾಡಬೇಕು, ನೀವೇ ಹೇಳಿ ಸ್ನೇಹಿತರೇ.

ಇವತ್ತು ಸಂಜೆ ಮಗಳು ಪಕ್ಕದ ಶಾರದಕ್ಕನ ಮನೆಯಿಂದ ಅಳುತ್ತಾ ಬಂದಳು. "ಅಮ್ಮಾ, ನಾನು ದೊಡ್ಡವಳಾದ್ಮೇಲೆ ಎಲ್ಲರನ್ನೂ ಕೊಲ್ತೀನಾ?"

ಅಲ್ಲಿ ಟಿವಿಯಲ್ಲಿ, ಜೀನ್ ತಿದ್ದಿ ಲ್ಯಾಬಿನಲ್ಲಿ ತಯಾರಿಸಿದ ಮನುಷ್ಯರು ಊರೂರು ಸುಡುವ ಸೀರಿಯಲ್ ಬರುತ್ತಿತ್ತಂತೆ. ನನ್ನ ಮಗಳು ಐವಿಎಫ್‌ನಿಂದ ಹುಟ್ಟಿದವಳು. ಅದು ಗೊತ್ತಿದ್ದ ಶಾರದಕ್ಕ, "ನೀನೂ ಇವರ ಹಂಗೇ ಲ್ಯಾಬಲ್ಲಿ ಆದವಳಲ್ವೇನೇ ಕೂಸೆ" ಎಂದರಂತೆ!

ನೆಟ್ಟಗೆ ಅವರ ಕೊಟ್ಟಿಗೆಗೇ ಹೋದೆ. ಕರುವಿನ ಹಣೆಗೆ ಕುಂಕುಮ ಇಡುತ್ತಿದ್ದರು.

"ಶಾರದಕ್ಕ, ನನ್ನ ಮಗಳ ಜೀನ್ ಯಾರೂ ತಿದ್ದಿಲ್ಲ. ಅವಳು ನಮ್ಮಿಬ್ಬರದೇ ಮಗು."

"ಎಂತದೋ ಮಾರಾಯ್ತಿ, ಟಿವಿಯವರು ಸುಮ್ನೆ ತೋರಿಸ್ತಾರಾ? ಲ್ಯಾಬಲ್ಲಿ ಆದವಕ್ಕೆ ಕರುಳೇ ಇರಲ್ವಂತೆ."

ತಡೆಯಲಾಗಲಿಲ್ಲ. "ಹಂಗಾದ್ರೆ ಈ ಗೌರಿ? ನಿಮ್ಮ ದನ ಹೋರಿಯ ಮುಖವನ್ನೇ ನೋಡಿಲ್ಲ. ದನದ ಡಾಕ್ಟ್ರು ಇಂಜೆಕ್ಷನ್ ಕೊಟ್ಟಿದ್ದಕ್ಕೆ ಹುಟ್ಟಿದ ಕರು ಅಲ್ವಾ ಇದು?"

ಶಾರದಕ್ಕ ಕರುವಿನ ಕಿವಿ ಮುಚ್ಚಿದರು. "ಛೀ! ದೇವರಂಥ ಕರುವಿನ ಎದುರು ಎಂತ ಮಾತಾಡ್ತೀಯೆ!"

ಈಗ ಅರ್ಥವಾಯಿತು. ನಮ್ಮೂರು ಬೇಗಾರಿನಲ್ಲಿ ಡಾಕ್ಟರ ಕೈಯಿಂದ ಹುಟ್ಟಿದವರು ದೇವರೆನಿಸಿಕೊಳ್ಳಬೇಕಾದರೆ ನಾಲ್ಕು ಕಾಲಿರಬೇಕು.