ರುಮಾಲು ಕತ್ತರಿಸಿದ ಚೌಕ

ಜಮಖಂಡಿಯ ಒಂದು ಫೋಟೋ ಸ್ಟುಡಿಯೋಗೆ ನಾನು ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಮುಧೋಳ, ಬೀಳಗಿ, ಬನಹಟ್ಟಿ, ಎಲ್ಲಿಯ ಮದುವೆಯಾದರೂ ಫೋಟೋಗಳು ಅದರಲ್ಲಿ ಬೀಳುತ್ತಿದ್ದವು. ಬೀಗರು ಮೊಬೈಲಿನಲ್ಲೇ ನೋಡಿ ಹಂಚಿಕೊಳ್ಳುತ್ತಿದ್ದರು. ಪುಟ ತೆರೆದರೆ ಒಂದೇ ಅಳತೆಯ ಚೌಕಗಳು, ಸಾಲುಸಾಲಾಗಿ. ಚೆಂದ ಮಾಡಿದ್ದೇನೆಂದು ನನಗೆ ಜಂಬವೂ ಇತ್ತು.

ಒಂದು ದಿನ ಬೀಳಗಿಯಿಂದ ಮದುಮಗಳೊಬ್ಬಳ ಅಜ್ಜನ ಫೋನು ಬಂತು. ಸ್ಟುಡಿಯೋ ಮಾಲಕರು ಸ್ಪೀಕರ್ ಹಾಕಿ ನನ್ನ ಮುಂದಿಟ್ಟರು.

"ನನ್ನ ತಲಿ ಮ್ಯಾಲಿನ ರುಮಾಲ ಎಲ್ಲಿ ಹೋತ್ರಿ? ಹಣಿ ಮ್ಯಾಲ ಕತ್ತರಿ ಆಡಿಸೀರಲ್ಲ! ಬೀಗರ ಮಂದಿ ಎಲ್ಲಾ ನೋಡ್ಯಾರ."

ಚೌಕಕ್ಕೆ ಹೊಂದಲೆಂದು ವೆಬ್‌ಸೈಟ್ ನಡುವಿನ ಮುಖಗಳನ್ನು ದೊಡ್ಡದು ಮಾಡಿ, ಸುತ್ತಲಿನದನ್ನು ಕತ್ತರಿಸುತ್ತಿತ್ತು. ಒತ್ತಿದರೆ ಪೂರ್ತಿ ಫೋಟೋ ತೆರೆಯುತ್ತದೆ, ನಿಜ. ಆದರೆ ನಮ್ಮ ಕಡೆ ಹಿರಿಯರು ಒತ್ತುವುದಿಲ್ಲ. ಏನಾದರೂ ಅಳಿಸಿ ಹೋದೀತೆಂದು ಹೆದರಿ ಬೆರಳನ್ನು ಮೇಲೆ ಕೆಳಗೆ ಅಷ್ಟೇ ಆಡಿಸುತ್ತಾರೆ. ಅವರಿಗೆ ಕಂಡ ಚೌಕವೇ ಫೋಟೋ. ಹಿರಿಯರ ರುಮಾಲಿಗೆ ಯಾರೂ ಕೈ ಹಚ್ಚದ ಊರುಗಳಿವು.

"ಇಂಥಾ ಫೋನ್ ಇನ್ನೊಂದ ಬಂದ್ರ ವೆಬ್‌ಸೈಟ್ ಬಂದ್ ಮಾಡಿ ಮದಲಿನಂಗ ಆಲ್ಬಮ್ ಅಷ್ಟ ಕೊಡ್ತೀನ್ರಿ ಅಕ್ಕಾರ" ಎಂದರು ಮಾಲಕರು. ನನಗೆ ಪಿತ್ತ ನೆತ್ತಿಗೇರಿತು. ಅಷ್ಟು ದಿನದ ಕೆಲಸವನ್ನು ಬಾಗಿಲು ಹಾಕಿದಂತೆ ಮುಚ್ಚಲು ನಾನು ಬಿಡುವವಳಲ್ಲ.

ಮೊದಲು ಫೋಟೋ ಕುಗ್ಗಿಸಿ ಚೌಕದೊಳಗೆ ಕೂರಿಸಿದೆ; ಮುಖಗಳು ಜೋಳದ ಕಾಳಿನಷ್ಟಾದವು. ಕೊನೆಗೆ ಚೌಕಗಳನ್ನೇ ಕಿತ್ತೊಗೆದೆ. ಒಂದರ ಕೆಳಗೊಂದು ಫೋಟೋ, ಪರದೆಯ ಪೂರ್ತಿ ಅಗಲಕ್ಕೆ, ತೆಗೆದದ್ದೆಲ್ಲ ಕಾಣುವಂತೆ. ಒತ್ತುವ ಗೊಡವೆಯೇ ಇಲ್ಲ.

"ಒಂದ ಗಿಡ್ಡ, ಒಂದ ಉದ್ದ. ಒಂದ ನಮೂನಿ ಕಾಣವಲ್ದಲ್ರಿ" ಎಂದು ಮಾಲಕರು ಮುಖ ಸಿಂಡರಿಸಿದರು.

"ಕಾಣದಿದ್ರ ಬಿಡ್ರಿ. ಯಾರ ತಲಿನೂ ಹೋಗೂದಿಲ್ಲ" ಎಂದೆ.

ಅಜ್ಜನಿಗೆ ನಾನೇ ತೋರಿಸಬೇಕೆಂದು ಬೀಳಗಿ ಬಸ್ಸು ಹತ್ತಿದೆ. ಅವರು ಕಟ್ಟೆಯ ಮೇಲೆ ಕುಳಿತಿದ್ದರು. ಮೊಬೈಲನ್ನು ದೂರ ಹಿಡಿದು ನೋಡಿದರು. "ಹಾಂ, ಈಗ ಆತ ನೋಡವ್ವಾ ಫೋಟೋ!" ಎಂದು ನಕ್ಕು, ಹೆಂಡತಿಯನ್ನು ಒಳಗಿನಿಂದ ಕರೆದರು.

ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಬಂದರು. ಅವರ ಕಣ್ಣು ಗಂಡನ ರುಮಾಲಿನ ಮೇಲೆ ನಿಲ್ಲಲಿಲ್ಲ. ಸಾಲಿನ ತುದಿಯಲ್ಲಿ, ಸೆರಗು ಹೊದ್ದು ನಿಂತ ಹೆಂಗಸಿನ ಮೇಲೆ ನಿಂತಿತು.

"ಇದ ನಾನ ಅಲ್ಲೇನ?"

ಮೊದಲಿನ ಚೌಕದಲ್ಲಿ ಅವರು ಇರಲೇ ಇಲ್ಲ. ರುಮಾಲು ಹೋದದ್ದಕ್ಕೆ ಇಷ್ಟು ರಂಪವಾಗಿತ್ತು. ಇಡೀ ಒಬ್ಬ ಹೆಂಗಸೇ ಹೋದದ್ದನ್ನು ಯಾರೂ ಕೇಳಿರಲಿಲ್ಲ.

"ನಂದ ತಗದಿಲ್ಲ ಅಂತ ತಿಳಕೊಂಡಿದ್ದೆ ಯವ್ವಾ. ಕೇಳಾಕ ನಾಚಿಕಿ ಬಂತು."

ಅಜ್ಜ ಮೊಬೈಲನ್ನು ಅವರ ಕೈಗೇ ಕೊಟ್ಟರು. ನನ್ನ ಎದೆ ತುಂಬಿ ಬಂತು. ಅಂಥ ಹೆಮ್ಮೆ ನನಗೆ ಯಾವ ಕೆಲಸದಲ್ಲೂ ಆಗಿರಲಿಲ್ಲ.

"ಮಹಾಲಿಂಗಪುರದಾಗ ನನ್ನ ತಂಗಿ ಅದಾಳ, ಆಕಿಗೆ ಕಳಸವ್ವಾ" ಎಂದರು ಅಜ್ಜಿ. "ಮೊಮ್ಮಗಳ ಮದಿವಿ ಫೋಟೋದಾಗ ಅಕ್ಕ ಎಲ್ಲೂ ಕಾಣಲಿಲ್ಲಂತ ಅತ್ತಿದ್ಳು."