ಉಯ್ಯಾಲೆಗೆ ಇಟ್ಟ ಟಿಶ್ಯೂ ಪೊಟ್ಟಣ

ನಮ್ಮ ಬ್ಲಾಕಿನ ಮೂರನೇ ಮಹಡಿಯ ರುಕಿಯಕ್ಕನಿಗೆ ಈಗ ಅರವತ್ತೆರಡು, ಮಗಳು ಸುರಾಯಾಗೆ ಮೂವತ್ತೊಂದು. ಹುಟ್ಟಿದಾಗಿನಿಂದ ಸುರಾಯಾ ಕಾಲೂರಿ ನಿಂತವಳಲ್ಲ, ಗಾಲಿಕುರ್ಚಿಯಲ್ಲೇ ಬೆಳೆದವಳು. ಬಾಯಿ ಮಾತ್ರ ಬಲು ಚುರುಕು. ಅಕ್ಕ ಶಾಲೆಯ ಕ್ಯಾಂಟೀನಿನಲ್ಲಿ ದುಡಿದು ಬಂದವಳೇ ಮಗಳನ್ನು ಲಿಫ್ಟಿನಲ್ಲಿ ಇಳಿಸಿ, ಆಟದ ಮೈದಾನದ ಅಂಚಿಗೆ ತಂದು ನಿಲ್ಲಿಸುತ್ತಿದ್ದಳು. ಅದಕ್ಕಿಂತ ಮುಂದೆ ಹೋಗುವಂತಿರಲಿಲ್ಲ, ಮರಳಿನಲ್ಲಿ ಗಾಲಿ ಹೂತುಹೋಗುತ್ತಿತ್ತು. ನನ್ನ ಮಕ್ಕಳು ಅಲ್ಲಿನ ಉಯ್ಯಾಲೆಯಲ್ಲಿ ಜೀಕಿ ಜೀಕಿ ದೊಡ್ಡವರಾದರು. ಸುರಾಯಾ ಅದನ್ನು ನೋಡುತ್ತಾ ದೊಡ್ಡವಳಾದಳು.

ಹೋದ ವರ್ಷ, ಹಳೆಯದನ್ನು ಕೆಡವಿ ಎಲ್ಲರೂ ಆಡುವಂಥ ಮೈದಾನ ಕಟ್ಟುತ್ತೇವೆ, ನಿಮಗೇನು ಬೇಕು ಹೇಳಿ ಎಂದು ಬಡಾವಣೆಯ ಕಚೇರಿಯವರು ಬ್ಲಾಕಿನ ಕೆಳಗೆ ಮೇಜು ಹಾಕಿ ಚಿತ್ರಗಳನ್ನು ಹರಡಿದರು. ಒಬ್ಬೊಬ್ಬರಿಗೆ ಮೂರು ಕೆಂಪು ಚುಕ್ಕಿ. ಬೇಕಾದ ಚಿತ್ರಕ್ಕೆ ಅಂಟಿಸಬೇಕು, ಮೂರು ದಿನ ಅವಕಾಶ. ಹೆಚ್ಚು ಚುಕ್ಕಿ ಬಿದ್ದದ್ದು ಮೈದಾನಕ್ಕೆ ಬರುತ್ತದೆ. ಅದರಲ್ಲೊಂದು ಗಾಲಿಕುರ್ಚಿ ಸಮೇತ ಹತ್ತುವ ಉಯ್ಯಾಲೆ. ಅದು ಕಂಡದ್ದೇ ಸುರಾಯಾ ತಾಯಿಯ ತೋಳು ಜಗ್ಗಿದಳು.

“ಮಾಕ್, ನಮ್ಮ ಚುಕ್ಕಿ ಎಲ್ಲಾ ಇದಕ್ಕೇ ಹಾಕು. ಟಿಶ್ಯೂನೂ ಇಡು, ಬೇಗ! ಬೇರೆಯವ್ರು ಹಿಡ್ಕೊಂಡ್ಬಿಡ್ತಾರೆ.”

ಅಕ್ಕ ಆರೂ ಚುಕ್ಕಿ ಅಂಟಿಸಿ, ಚೀಲದಿಂದ ಟಿಶ್ಯೂ ಪೊಟ್ಟಣ ತೆಗೆದು ಚಿತ್ರದ ಮೇಲಿಟ್ಟಳು. ಸಾಲು ಊಟದಂಗಡಿಗಳ ಹಾಕರ್ ಸೆಂಟರಿನಲ್ಲಿ ಊಟ ತರಲು ಹೋಗುವ ಮುನ್ನ ನಾವು ಮೇಜಿಗೆ ಟವಲ್ ಹಾಕುವುದು ಹೀಗೆಯೇ. ಪೊಟ್ಟಣ ಇದ್ದ ಜಾಗದಲ್ಲಿ, ಹಸಿವಿನಿಂದ ಪ್ರಾಣ ಹೋಗುತ್ತಿದ್ದರೂ ಇನ್ನೊಬ್ಬರು ಕೂರುವುದಿಲ್ಲ. ಸಿಂಗಪುರದಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

“ಇದೇನು ಊಟದ ಮೇಜೇನೇ?” ಎಂದು ನಾನು ನಕ್ಕೆ.

“ನಗಿ ಹಸ್ನಾ ಚಿಕ್ಕಮ್ಮ, ನಗಿ. ಮೂವತ್ತು ವರ್ಷದಿಂದ ಕ್ಯೂನಲ್ಲಿ ಕೂತಿದೀನಿ, ಒಂದು ಸೀಟು ಹಿಡೀಬಾರ್ದಾ?”

ಮೂರು ದಿನವೂ ಪೊಟ್ಟಣ ಅಲ್ಲೇ ಇತ್ತು. ಮೇಜು ಕಾಯುತ್ತಿದ್ದ ಕಚೇರಿಯ ಹುಡುಗಿಯೂ ನಮ್ಮೂರವಳೇ ತಾನೆ! ಸುತ್ತಲಿನ ಧೂಳು ಒರೆಸಿದಳೇ ಹೊರತು ಅದನ್ನು ಎತ್ತಲಿಲ್ಲ.

ವಾರದ ನಂತರ ಲಿಫ್ಟಿನ ಬಳಿ ಪಟ್ಟಿ ಹಚ್ಚಿದರು. ಜಾರುಬಂಡೆಗೆ ಇನ್ನೂರ ಹನ್ನೆರಡು ಚುಕ್ಕಿ. ಉಯ್ಯಾಲೆಗೆ ಆರು. ಆರೂ ಅವರಿಬ್ಬರವೇ.

ನನ್ನ ಮೈಯೆಲ್ಲ ಉರಿದುಹೋಯಿತು. ಐದನೇ ಮಹಡಿಯ ಕ್ವೆಕ್ ಮಾಮನನ್ನು ತಡೆದು ನಿಲ್ಲಿಸಿ ಕೇಳಿದೆ.

“ಅಲ್ಲಿ ಯಾರೋ ಜಾಗ ಹಿಡಿದಿದ್ರಲ್ಲಮ್ಮ,” ಎಂದ ಆತ. “ಇನ್ನೊಬ್ರದ್ದಕ್ಕೆ ನಾನ್ಯಾಕೆ ಕೈ ಹಾಕ್ಲಿ?”

ಎಲ್ಲರದೂ ಅದೇ ಮಾತು. ನಮ್ಮ ಮರ್ಯಾದೆಗೆ ಬೆಂಕಿ ಬೀಳ! ಅವರನ್ನು ಬೈದು ಏನು ಬಂತು? ಉಯ್ಯಾಲೆ ಹೇಗೂ ಸುರಾಯಾಳದ್ದಾಯಿತಲ್ಲ ಎಂದುಕೊಂಡು, ನನ್ನ ಮೂರು ಚುಕ್ಕಿಯನ್ನು ನಾನೇ ಮಂಡಿನೋವಿನ ವ್ಯಾಯಾಮದ ಕಂಬಿಯ ಚಿತ್ರಕ್ಕೆ ಅಂಟಿಸಿ ಬಂದಿದ್ದೆ.

ಅಕ್ಕನನ್ನು ಕರೆದುಕೊಂಡು ಕಚೇರಿಗೆ ಹೋದೆ. ಅದೇ ಹುಡುಗಿ ಮುಖ ಸಣ್ಣ ಮಾಡಿಕೊಂಡು ಹೇಳಿದಳು, “ನಕ್ಷೆ ಮುಗಿದುಹೋಗಿದೆ ಆಂಟಿ. ಮುಂದಿನ ಸಲ ನೋಡೋಣ.”

“ಮುಂದಿನ ಸಲ ಅಂದ್ರೆ ಯಾವಾಗಮ್ಮ?”

“ಹದಿನೈದು ವರ್ಷಕ್ಕೊಂದ್ಸಲ ಹೊಸದು ಮಾಡ್ತೀವಿ.”

ಅಕ್ಕ ತನ್ನ ಕೈಗಳನ್ನು ನೋಡಿಕೊಂಡಳು. “ಅಷ್ಟೊತ್ತಿಗೆ ಇವಳನ್ನ ಕೆಳಗೆ ಕರ್ಕೊಂಡು ಬರೋಕೆ ನಾನಿರ್ತೀನಾ?”

ಹೊಸ ಮೈದಾನ ಬಂತು. ಮರಳಿಲ್ಲ, ಮೆತ್ತನೆಯ ರಬ್ಬರಿನ ನೆಲ. ಗಾಲಿ ಈಗ ಎಲ್ಲಿಗೆ ಬೇಕಾದರೂ ಹೋಗುತ್ತದೆ, ಹೋಗಿ ಕೂರುವುದಕ್ಕೆ ಅವಳದೆಂಬುದು ಏನೂ ಇಲ್ಲ. ಬೇವಿನ ಮರದ ಪಕ್ಕ ಒಂದು ಮೂಲೆ ಖಾಲಿ ಉಳಿದಿದೆ. ದಿನಾ ಸಂಜೆ ಸುರಾಯಾ ಅಲ್ಲಿಗೆ ಬಂದು ತಾಯಿಯ ಕೈಯಿಂದ ನೆಲದ ಮೇಲೆ ಟಿಶ್ಯೂ ಪೊಟ್ಟಣ ಇಡಿಸುತ್ತಾಳೆ. ಓಡಿ ಬರುವ ಮಕ್ಕಳು ಅದನ್ನು ಕಂಡು ಸುತ್ತಿ ಬಳಸಿ ಹೋಗುತ್ತವೆ. ನನ್ನನ್ನು ಕಂಡರೆ ಸಾಕು, ಸುರಾಯಾ ಕೇಳುತ್ತಾಳೆ.

“ಯಾರೂ ಮುಟ್ಟಿಲ್ಲ ಅಲ್ವಾ ಚಿಕ್ಕಮ್ಮ?”

“ಇಲ್ಲ ಕಣೇ. ನಿನ್ನ ಜಾಗ ನಿಂಗೇ ಇದೆ.”