ಪೂರ್ಣಿಮಾ ನಡೆಸಿದ ಬೋನಸ್ ಜಗಳ

ಪೂರ್ಣಿಮಾ ಜೀವಮಾನದಲ್ಲಿ ಒಂದು ಸೆಂಟನ್ನೂ ಬಾಜಿ ಕಟ್ಟಿದವಳಲ್ಲ. ಮನೆಯಲ್ಲಿ ಕೂತು ಮೊಬೈಲಿನಲ್ಲಿ ಬೆಟ್ಟಿಂಗ್ ಆಡಲು ನಮ್ಮ ವಾಷಿಂಗ್ಟನ್ ರಾಜ್ಯದ ಕಾನೂನು ಬಿಡುವುದೂ ಇಲ್ಲ. ಆದರೂ ಹೊರದೇಶದ ಬೆಟ್ಟಿಂಗ್ ಕಂಪನಿಗಳು ಅವಳ ಇಮೇಲ್ ಕಂಡರೆ ಹಣೆ ಚಚ್ಚಿಕೊಳ್ಳುತ್ತವೆ. ಸೌತ್ ಲೇಕ್ ಯೂನಿಯನ್ ಬಡಾವಣೆಯ ನಮ್ಮ ಆಫೀಸಿನಲ್ಲಿ ಅವಳು ಟೆಸ್ಟರ್, ನಾನು ಪಕ್ಕದ ಡೆಸ್ಕಿನವಳು. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವಳ ಹೊಟ್ಟೆಪಾಡು. ಊಟದ ಹೊತ್ತಿನಲ್ಲಿ ಮಾತ್ರ, ಹೊಸ ಖಾತೆ ತೆರೆದವರಿಗೆ ಒಬ್ಬರಿಗೆ ಒಂದೇ ಸಲ ಸಿಗುವ ಬೋನಸ್ ಕೊಡದೆ ಖಾತೆ ಮುಚ್ಚಿಬಿಟ್ಟರೆಂದು ಗೋಳಾಡುವ ಆಟಗಾರರ ಪರವಾಗಿ, ಒಂದು ವೆಬ್‌ಸೈಟಿನಲ್ಲಿ ಬಿಟ್ಟಿ ವಕೀಲಿಕೆ ಮಾಡುತ್ತಾಳೆ. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಹಾಗೆ ಎಂದು ನಾನು ರೇಗಿಸುತ್ತೇನೆ. ಅವಳು ಕಿವಿಗೇ ಹಾಕಿಕೊಳ್ಳುವುದಿಲ್ಲ.

ಹೋದ ವರ್ಷ ಇಂಗ್ಲೆಂಡಿನ ಲೆಸ್ಟರಿನಿಂದ ದ್ಯಾಮಣ್ಣ ಎಂಬವರ ದೂರು ಬಂತು. ದ್ಯಾಮಣ್ಣ ಬಸಪ್ಪ ಮತ್ತು ಬಸಪ್ಪ ದ್ಯಾಮಣ್ಣ ಎಂಬ ಎರಡು ಖಾತೆ, ವಿಳಾಸ ಒಂದೇ. ಒಂದು ತಮ್ಮದು, ಇನ್ನೊಂದು ಮಗನದು ಎಂದು ಅವರು ಬರೆದಿದ್ದರು. ಒಬ್ಬನೇ ಹೆಸರು ತಿರುಗಿಸಿ ಎರಡು ಸಲ ಬೋನಸ್ ಹೊಡೆದಿದ್ದಾನೆಂದು ಕಂಪನಿ ಎರಡನ್ನೂ ಮುಚ್ಚಿ, ಎರಡೂ ಹೆಸರಿಗೆ ಮೋಸಗಾರನೆಂಬ ಪಟ್ಟ ಕಟ್ಟಿತ್ತು. ಪೂರ್ಣಿಮಾಗೆ ಮೈಯೆಲ್ಲ ಉರಿಯಿತು. ಮೊಮ್ಮಗನಿಗೆ ತಾತನ ಹೆಸರಿಡುತ್ತೇವೆ, ಹೆಸರಿನ ಜೊತೆ ಅಪ್ಪನ ಹೆಸರು ಸೇರಿಸುತ್ತೇವೆ. ಅಪ್ಪ ಮಗನ ಹೆಸರು ಹಿಂದುಮುಂದಾಗಿ ಕಾಣುವುದು ನಮ್ಮಲ್ಲಿ ಮಾಮೂಲು. ಇಷ್ಟನ್ನು ಕಂಪನಿಯ ತಲೆಗೆ ತುಂಬಲು ಮೂರು ತಿಂಗಳು ಹಿಡಿಯಿತು. ದ್ಯಾಮಣ್ಣ ಕೊಟ್ಟ ಇಬ್ಬರ ಪಾಸ್‌ಪೋರ್ಟಿನ ಪ್ರತಿಯನ್ನೂ ಕಳಿಸಿದಳು. ಇವರು ಇಬ್ಬರು, ಇಬ್ಬರೂ ಆಡಿದ್ದಾರೆ, ನನ್ನ ಮಾತಿಗೆ ನಾನೇ ಹೊಣೆ ಎಂದು ಬರೆದಳು. ಕಂಪನಿ ಕೊನೆಗೆ ಸೋತು, ಮಗನ ಸಹಿ ಒಂದು ಬಂದರೆ ಸಾಕು ಎಂದಿತು.

ಸಹಿಗಾಗಿ ನನ್ನೆದುರೇ ಲೆಸ್ಟರಿಗೆ ವಿಡಿಯೋ ಕಾಲ್ ಮಾಡಿದಳು. ಮಗ ಬಸಪ್ಪ ಫೋನಿಗೆ ಬಂದ. ಇಪ್ಪತ್ನಾಲ್ಕರ ಹುಡುಗ, ಬ್ಯಾಂಕೊಂದರಲ್ಲಿ ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದ.

"ಯಾವ ಅಕೌಂಟ್ ಆಂಟಿ? ನಾನು ಬೆಟ್ ಮಾಡಲ್ಲ. ಅಪ್ಪ ನನ್ ಪಾಸ್‌ಪೋರ್ಟ್ ತಗೊಂಡಿದ್ರು, ಯಾಕೆ ಅಂತ ಹೇಳಿಲ್ಲ" ಎಂದ.

ದ್ಯಾಮಣ್ಣ ಫೋನ್ ಕಿತ್ತುಕೊಂಡರು. "ಹುಡ್ಗ ಸೈನ್ ಹಾಕ್ತಾನೆ ಬಿಡಿ ಅಕ್ಕ. ಗೆದ್ದಾಗಿದೆಯಲ್ಲ. ನೀವು ನಮ್ಮೋರಲ್ವಾ?"

ಪೂರ್ಣಿಮಾ ಇಂಗು ತಿಂದ ಮಂಗನಂತಾದಳು. ಮೂರು ತಿಂಗಳಲ್ಲಿ ಅವಳು ಮಗನನ್ನು ಒಂದು ಮಾತೂ ಕೇಳಿರಲಿಲ್ಲ. ಮನೆಯ ಪರವಾಗಿ ಅಪ್ಪ ಮಾತಾಡಿದ ಮೇಲೆ ಮಗನನ್ನು ಬೇರೆ ಕೇಳುವುದು ನಮ್ಮವರಲ್ಲಿ ಮರ್ಯಾದೆಯಲ್ಲ. ನನಗೆ ಅವಳನ್ನು ನೋಡಿ ಸಂಕಟವಾಯಿತು.

"ಸುಮ್ನೆ ಸಹಿ ಹಾಕಿಸ್ಬಿಡು. ಸುಳ್ ಹೇಳಿದೆ ಅಂತ ಗೊತ್ತಾದ್ರೆ ಇನ್ನು ಯಾವ ಕಂಪನಿ ನಿನ್ ಮಾತು ಕೇಳತ್ತೆ?" ಎಂದು ಪಿಸುಗುಟ್ಟಿದೆ.

"ಕೇಳದಿದ್ರೆ ಬಿಡ್ಲಿ" ಎಂದಳು. ಆಮೇಲೆ ಫೋನಿಗೆ, "ದ್ಯಾಮಣ್ಣೋರೆ, ಫೋನ್ ಬಸಪ್ಪಂಗೆ ಕೊಡಿ."

ಅವರು ಕೊಡಲಿಲ್ಲ. ಅವಳು ಇನ್ನೊಮ್ಮೆ ಅದೇ ಮಾತು ಹೇಳಿದಳು. ಹುಡುಗನ ಮುಖ ಮತ್ತೆ ಕಾಣಿಸಿತು.

"ನಿನ್ ಹೆಸರಿಗೆ ಮೋಸಗಾರ ಅಂತ ಬರೆದಿದಾರೆ ಕಣಪ್ಪ. ಅದನ್ನ ತೆಗೆಸ್ತೀನಿ. ಆದ್ರೆ ಅದಕ್ಕೆ ನಿಮ್ಮಪ್ಪ ಮಾಡಿದ್ದನ್ನ ನಿಜವಾಗಿ ಬರೀಬೇಕು. ಬರೀಲಾ?"

ಅವನು ಪಕ್ಕದಲ್ಲಿ ನಿಂತಿದ್ದ ಅಪ್ಪನ ಕಡೆ ತಿರುಗಿ ನೋಡಿದ.

"ಬರೀರಿ ಆಂಟಿ" ಎಂದ.